ಕ್ರಾಂತಿಕುಮಾರನ ಡಿಸ್ಟಾರ್ಶನ್ ಪ್ರಕರಣ

ಬಾಯಿ ತಪ್ಪಿ ಬಂದ ಮಾತಿಗೆ ಮದುವೆಗಳೇ ಮುರಿದುಬಿದ್ದದ್ದುಂಟು. ಆದರೆ ಮದುವೆ ಗಟ್ಟಿಯಾಗಿ ನಿಂತು ಅದರ ಬ್ಯಾಂಡ್‌ಸೆಟ್ ಮಾತ್ರ ಮುರಿದುಬಿದ್ದದ್ದು ನಮ್ಮ ಸೀಮೆಯಲ್ಲಿ ಬಹುಶಃ ಒಂದೇ ಸಲ. ಆ ಕೀರ್ತಿ ಪೂರ್ತಿಯಾಗಿ ಕೂಡ್ಲಿಗಿಯ ಕ್ರಾಂತಿಕುಮಾರನಿಗೆ ಸಲ್ಲಬೇಕು.

ಕ್ರಾಂತಿ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಬಳ್ಳಾರಿಯ ಹಾಸ್ಟೆಲಿನಲ್ಲಿದ್ದಾಗ ಗಿಟಾರ್ ಹಿಡಿದವನು ನೌಕರಿ ಸಿಕ್ಕಮೇಲೂ ಬಿಟ್ಟಿರಲಿಲ್ಲ. ಇತ್ತೀಚೆಗೆ ಒಂದು ಡಿಜಿಟಲ್ ಎಫೆಕ್ಟ್ಸ್ ಡಬ್ಬಿಯನ್ನೂ ತರಿಸಿಕೊಂಡಿದ್ದ. ಊಟದ ಕ್ಯಾರಿಯರನ್ನು ಅಡ್ಡ ಮಲಗಿಸಿದಷ್ಟು ಗಾತ್ರದ ಡಬ್ಬಿ. ಗಿಟಾರಿನ ವೈರನ್ನು ಅದಕ್ಕೆ ಚುಚ್ಚಿದರೆ ಸಾಕು, ದೊಡ್ಡ ದೊಡ್ಡ ಕಲಾವಿದರು ಲಾರಿಯಲ್ಲಿ ಹೊತ್ತು ತಿರುಗುವ ಆಂಪ್ಲಿಫೈಯರುಗಳೆಲ್ಲ ಅದರೊಳಗಿಂದಲೇ ದನಿ ಕೊಡುತ್ತವೆ ಎಂದು ಕ್ರಾಂತಿ ಕಚೇರಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಅವನ ಮೇಜಿಗೆ ಬರುವ ಜನಕ್ಕೆ ಕೆಲಸ ಆಗುತ್ತಿತ್ತೋ ಇಲ್ಲವೋ, ದನಿಯನ್ನು ಬೇಕೆಂದೇ ಒಡೆಯುವ ಡಿಸ್ಟಾರ್ಶನ್ ಎಂದರೇನು ಎಂಬುದಂತೂ ತಿಳಿಯುತ್ತಿತ್ತು.

ಹೀಗಿರುವಾಗ ಅವನ ಹೆಂಡತಿ ಸಂಘಮಿತ್ರಾಳ ತಮ್ಮ ಭೀಮರಾಜನಿಗೆ ಹರಪನಹಳ್ಳಿಯ ಯಶೋಧಾ ಎಂಬ ಹುಡುಗಿ ಗೊತ್ತಾದಳು. ನಿಶ್ಚಿತಾರ್ಥದ ದಿನ ಊಟಕ್ಕೆ ಕೂತಾಗ ಹುಡುಗಿಯ ಚಿಕ್ಕಪ್ಪ ಮೈಲಾರೇಶ್, ಕೊಟ್ಟೂರಿನ ಬ್ಯಾಂಡ್‌ಸೆಟ್ ಗೊತ್ತುಮಾಡಿದ್ದನ್ನು ಎಲೆಯಿಂದ ಎಲೆಗೆ ಹೇಳುತ್ತ ಬಂದ. ಕ್ರಾಂತಿಗೆ ಆಗ ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬಿದ್ದಿತ್ತು. ಮನುಷ್ಯನಿಗೆ ಧಾರಾಳ ಬುದ್ಧಿ ಬರುವುದು ಇಂಥ ಹೊತ್ತಿನಲ್ಲೇ.

"ಬ್ಯಾಂಡ್‌ಸೆಟ್ ಯಾಕ್ರಿ?" ಎಂದ. "ನಾ ಗಿಟಾರ್ ನುಡಿಸ್ತೀನಿ. ನಮ್ಮ ಡಬ್ಬಿ ಒಳಗ ಇಂಥ ಹತ್ತು ಬ್ಯಾಂಡ್‌ಸೆಟ್ ಅದಾವ."

ಯಾರೂ ಈ ಮಾತನ್ನು ಹಿಡಿಯದೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಭೀಮರಾಜನಿಗೆ ಅಕ್ಕನ ಗಂಡನೆಂದರೆ ಪ್ರಾಣ. ಮಾವ ಹೇಳಿದರೆ ಮುಗಿಯಿತು. ಎಂಜಲುಗೈಯಲ್ಲೇ ಫೋನ್ ಎತ್ತಿ ಕೊಟ್ಟೂರಿಗೆ ಹಚ್ಚಿ, "ಬ್ಯಾಡ್ರಿ ನಿಮ್ಮ ಬ್ಯಾಂಡು, ನಮ್ಮ ಮಾವ ಅದಾರ" ಎಂದುಬಿಟ್ಟ. ಸಂಘಮಿತ್ರಾ ಪಂಕ್ತಿಯ ಆ ತುದಿಯಿಂದ ಕಣ್ಣು ಬಿಡುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಮಾರನೆಯ ದಿನ ಅವಳೇ ಗುಟ್ಟಾಗಿ ಕೊಟ್ಟೂರಿಗೆ ಫೋನು ಮಾಡಿದಳು. ಬ್ಯಾಂಡಿನವರು ಭೀಮರಾಜನ ಮದುವೆಯ ಭಾನುವಾರಕ್ಕೇ ಹಡಗಲಿಯ ಮದುವೆಯೊಂದನ್ನು ಒಪ್ಪಿಕೊಂಡಾಗಿತ್ತು.

"ನನ್ನ ತಮ್ಮನ ಮದುವಿ ಮೂಕಾದ್ರ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ" ಎಂದಳು ಸಂಘಮಿತ್ರಾ ಗಂಡನಿಗೆ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸುಮ್ಮನೆ ಹೆದರಿಸುವ ಅಭ್ಯಾಸ ಅವಳಿಗಿಲ್ಲ.

ಯಾವ ಹಾಡು ನುಡಿಸಬೇಕೆಂಬುದರಲ್ಲಿ ಮಾತ್ರ ಗೊಂದಲ ಇರಲಿಲ್ಲ. ಅವರ ಕೇರಿಯಲ್ಲಿ ಹೊಸ ಸೊಸೆ ಬಂದಾಗ ಹೆಂಗಸರು ಹಾಡುವ ಹಾಡೊಂದಿದೆ. ಕ್ರಾಂತಿಯ ತಾಯಿ ಮಾಳಮ್ಮ ಅದನ್ನು ಎತ್ತಿಕೊಂಡರೆ ಬೀದಿಯ ಆ ಕಡೆಯವರೂ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು. ಈಚಿನ ವರ್ಷಗಳಲ್ಲಿ ಮದುವೆಗಳಿಗೆಲ್ಲ ಡಿಜೆ ಬಂದು ಅವಳನ್ನು ಕೇಳುವವರಿರಲಿಲ್ಲ. ಅವ್ವನ ಹಾಡನ್ನು ಗಿಟಾರಿನಲ್ಲಿ ನುಡಿಸಿ ಬೀಗರ ಬಾಯಿ ಮುಚ್ಚಿಸುವುದು ಕ್ರಾಂತಿಯ ಯೋಜನೆ. ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಸರ್ಕಾರದ ಎಲ್ಲ ಯೋಜನೆಗಳಂತೆ ಇದೂ ಜಾರಿಯಲ್ಲಿ ಕೆಟ್ಟಿತು.

ಡಬ್ಬಿಯನ್ನು ಹೇಗೆ ಬಳಸಬೇಕೆಂದು ಅವನು ಮೊಬೈಲಿನಲ್ಲಿ ವಿಡಿಯೋ ನೋಡಿದ್ದ. ನೋಡಿದ್ದ ಎಂದರೆ ಅರ್ಧ ನೋಡಿದ್ದ. ಯಾವ ವಿಡಿಯೋವನ್ನೂ ಕ್ರಾಂತಿ ಕೊನೆಯತನಕ ನೋಡಿದವನಲ್ಲ. ಅರ್ಧಕ್ಕೇ ಅವನಿಗೆ ಜ್ಞಾನೋದಯವಾಗುತ್ತಿತ್ತು. ಆ ಅರ್ಧದಲ್ಲಿ ವಿಡಿಯೋದವನು, "ಕ್ಯಾಬ್ ಅನ್ನೋದನ್ನ ಆಫ್ ಮಾಡಿ" ಎಂದಿದ್ದ. ಇವನು ಮಾಡಿದ. ಇನ್ನು ದನಿ ಎಷ್ಟು ಒಡೆಯಬೇಕು ಎಂಬುದನ್ನು ಹೇಳುವ ಗೇನ್ ಎಂಬ ಗುಂಡಿಯಿತ್ತು. ಅದನ್ನು ಹತ್ತಕ್ಕೆ ಏರಿಸಿದ. ಚೂಪು ದನಿಯ ಟ್ರೆಬಲ್ಲನ್ನೂ ಹತ್ತಕ್ಕೆ ಏರಿಸಿದ. ಕಚೇರಿಯಲ್ಲಿ ಅನುದಾನ ಕೇಳುವಾಗ ಬೇಕಾದ್ದಕ್ಕಿಂತ ಹೆಚ್ಚೇ ಬರೆಯುವುದು ಪದ್ಧತಿ, ಮೇಲಿನವರು ಹೇಗೂ ಕಡಿಯುತ್ತಾರೆ. ಡಬ್ಬಿಯ ಮೇಲಿನವರು ಯಾರೂ ಇಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ. ಕೇರಿಯ ಯುವಕ ಸಂಘದಲ್ಲಿ ಜಯಂತಿಯ ಭಾಷಣಗಳಿಗೆಂದು ಇಟ್ಟಿದ್ದ ದೊಡ್ಡ ಸ್ಪೀಕರ್ ತಂದು, ಡಬ್ಬಿಯ ವೈರನ್ನು ನೇರ ಅದಕ್ಕೇ ಚುಚ್ಚಿ, ತಂತಿಯ ಮೇಲೆ ಕೈ ಬೀಸಿದ.

ಅಡುಗೆಮನೆಯಿಂದ ಮಾಳಮ್ಮ ಚೀರಿದಳು. "ಅಯ್ಯಯ್ಯೋ, ಮಿಕ್ಸಿ ಸುಟ್ಟೈತಿ!" ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದಳು.

ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಕ್ರಾಂತಿಯ ಅಪ್ಪ ಪಕ್ಕೀರಪ್ಪ ಮಾತ್ರ ಕೂತಲ್ಲಿಂದಲೇ, "ಹೋಲ್ಡಾನ್!" ಎಂದ. ಅವನು ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಬದುಕಿನಲ್ಲಿ ಬೇಡವಾದದ್ದಕ್ಕೆಲ್ಲ ಹೋಲ್ಡಾನ್, ಬೇಕಾದದ್ದಕ್ಕೆ ರೈಟ್. ಮಗನ ಗಿಟಾರಿಗೆ ಅವನ ಬಾಯಲ್ಲಿ ಇದುವರೆಗೆ ರೈಟ್ ಬಂದಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೋಡೆಯಾಚೆ ಎರ್ರೆಪ್ಪನ ಹಿತ್ತಲಿತ್ತು. ಹಿತ್ತಲಲ್ಲಿ ಬೋರ್‌ವೆಲ್ ಇತ್ತು, ಅದರ ಮೋಟರ್ ಆಗ ಓಡುತ್ತಿತ್ತು. ಮೇವಿನ ಮಡಿಗೆ ನೀರು ಬಿಟ್ಟಿದ್ದ ಎರ್ರೆಪ್ಪ ಆ ಕಿರ್ರೆಂಬ ಸದ್ದು ಕೇಳಿ ಗುದ್ದಲಿ ಬಿಸಾಕಿ ಓಡಿಬಂದು ಮೋಟರ್ ಬಂದ್ ಮಾಡಿದ. ಅದೇ ಗಳಿಗೆಗೆ ಮಾಳಮ್ಮ ಈ ಕಡೆ ಮೇನ್ ಸ್ವಿಚ್ ಎಳೆದಿದ್ದಳು. ಸದ್ದು ನಿಂತಿತು. ಕೋರ್ಟಿನಲ್ಲೂ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದಿಲ್ಲ.

"ಮೋಟ್ರು ಹೋತಲೇ, ವೈಂಡಿಂಗ್ ಸುಡಾಕ ಹತ್ತೈತಿ!" ಎಂದು ಎರ್ರೆಪ್ಪ ತಲೆಯ ಮೇಲೆ ಕೈ ಹೊತ್ತ. ಅವನ ಹೆಂಡತಿ ಅಂಜಿನಕ್ಕ ಬೀದಿಗೆಲ್ಲ ಕೇಳುವಂತೆ, "ನಾ ಅವತ್ತ ಹೇಳಿನ್ನಿ, ಈ ಮನುಷ್ಯ ಕೇಳಲಿಲ್ಲ" ಎಂದಳು. ಅವಳು ಅವತ್ತು ಏನು ಹೇಳಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಮಾರನೆಯ ಬೆಳಿಗ್ಗೆ ಮೂರುಕಾಲಿನ ಕಂಬ ನಿಂತಿತು, ಸರಪಳಿ ಬಂತು. ಪಾತಾಳದಿಂದ ಪೈಪು ಎತ್ತಲು ಬೀದಿಯ ಗಂಡಸರೆಲ್ಲ ಸೇರಿದರು. ಕ್ರಾಂತಿ ಕಿಟಕಿಯಿಂದ ಇಣುಕಿ ನೋಡುತ್ತಿದ್ದವನು ಎರ್ರೆಪ್ಪನ ಕಣ್ಣಿಗೆ ಬಿದ್ದ.

"ಬಾರೋ ಕ್ರಾಂತಿ, ಕೈ ಹಚ್ಚು! ಓದಿದಾಂವ ಅಂತ ಒಳಗ ಕುಂತ್ರ ಹೆಂಗ?"

ಹೇಳಿಬಿಡಬೇಕೆಂದು ಬಾಯಿವರೆಗೆ ಬಂದದ್ದನ್ನು ಕ್ರಾಂತಿ ನುಂಗಿದ. ಅಷ್ಟೊತ್ತಿಗೆ ಅರ್ಧ ಪೈಪು ಮೇಲೆ ಬಂದಿತ್ತು. ಅರ್ಧ ಪೈಪು ಮೇಲಿರುವಾಗ ನಿಜ ಹೇಳಲು ಬೇರೆಯದೇ ಎದೆಗಾರಿಕೆ ಬೇಕು. ಪ್ಯಾಂಟು ಮಡಚಿ ಎಲ್ಲರಿಗಿಂತ ಜೋರಾಗಿ ಎಳೆದ. ಅಂಗೈಯಲ್ಲಿ ಬೊಕ್ಕೆಯೆದ್ದವು. ಕೊನೆಗೆ ಮೋಟರ್ ಮೇಲೆ ಬಂತು. ಮೆಕ್ಯಾನಿಕ್ ಬಿಚ್ಚಿ ನೋಡಿ ಬೀಡಿ ಹಚ್ಚಿಕೊಂಡ.

"ಮೋಟ್ರಿಗೆ ಏನೂ ಆಗಿಲ್ರಿ. ಆದ್ರ ಇಲ್ಲಿ ನೋಡ್ರಿ, ಕೇಬಲ್ ಜಾಯಿಂಟು ಬತ್ತಲಾಗೇತಿ. ಇನ್ನೊಂದು ವಾರ ಬಿಟ್ಟಿದ್ರ ಮೋಟ್ರು ಪೂರಾ ಸುಡ್ತಿತ್ತು."

ಎರ್ರೆಪ್ಪನ ಕಣ್ಣಲ್ಲಿ ನೀರೇ ಬಂತು. "ನಮ್ಮ ಮೋಟ್ರು ತಾನಾ ಕೂಗಿ ಹೇಳೇತಿ ನೋಡ್ರಿ" ಎಂದ. ಅಂಜಿನಕ್ಕ ಮೋಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಎಲ್ಲರಿಗಿಂತ ಹೆಚ್ಚು ಎಳೆದವನೆಂದು ದೊಡ್ಡ ಹೋಳು ಕ್ರಾಂತಿಗೇ ಕೊಟ್ಟಳು. ಅವನು ಅದನ್ನು ಬಹಳ ಹೊತ್ತು ಅಗಿದ.

ಅಂದಿನಿಂದ ಸ್ಪೀಕರ್ ಮುಟ್ಟಲಿಲ್ಲ. ಬೊಕ್ಕೆ ಮಾಯ್ದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ದನಿ ಸಣ್ಣಗಿಟ್ಟು ಅಭ್ಯಾಸ ಮಾಡಿದ. ಸಣ್ಣಗಿಟ್ಟರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಒಂದು ದಿನ ಆಸೆಯಿಂದ ಹೆಡ್‌ಫೋನನ್ನು ಮಾಳಮ್ಮನ ತಲೆಗೆ ಸಿಕ್ಕಿಸಿ ದನಿ ಏರಿಸಿ ನುಡಿಸಿದ.

"ಯಾವ ಹಾಡಪ್ಪ ಇದು?"

"ನಿನ್ನ ಹಾಡಾ ಬೇ ಅವ್ವ! ಸೊಸಿ ಕರಕೊಳ್ಳೋ ಹಾಡು!"

"ನನ್ನ ಹಾಡಾ?" ಮಾಳಮ್ಮ ಗಾಬರಿಯಿಂದ ಗಂಟಲು ಮುಟ್ಟಿಕೊಂಡಳು. "ಹಂಗಾರ ನನ್ನ ಗಂಟಲಿಗಿ ಏನಾಗೇತಿ?"

ಸಂಘಮಿತ್ರಾ ಅಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಆ ವಿಡಿಯೋ ಪೂರ್ತಿ ನೋಡ್ರಿ" ಎಂದಳು.

"ತಿಳದೈತಿ ಬಿಡು" ಎಂದ ಕ್ರಾಂತಿ. ಗಂಡಸರು ಈ ಎರಡು ಮಾತು ಆಡಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆಯುತ್ತದೆ.

ಮದುವೆ ಹಗರಿಬೊಮ್ಮನಹಳ್ಳಿಯ ಒಂದು ಸಮುದಾಯ ಭವನದಲ್ಲಿ. ಬೌದ್ಧ ಪದ್ಧತಿಯ ಸರಳ ಮದುವೆಯಾದ್ದರಿಂದ ಮುಹೂರ್ತದ ಗಡಿಬಿಡಿಯಿಲ್ಲ. ವಂದನೆ, ಪ್ರತಿಜ್ಞೆ, ಹಾರ, ಆಮೇಲೆ ಕ್ರಾಂತಿಯ ಗಿಟಾರು, ಆಮೇಲೆ ಊಟ. ಕೂಡ್ಲಿಗಿಯಿಂದ ಟೆಂಪೋ ಹೊರಟಿತು. ನೆರೆಯವರೆಂದ ಮೇಲೆ ಎರ್ರೆಪ್ಪ, ಅಂಜಿನಕ್ಕ ಬಾರದಿರುತ್ತಾರೆಯೇ? ಅಂಜಿನಕ್ಕನಿಗೆ ಟೆಂಪೋದ ಸೀಟು ಚುಚ್ಚುತ್ತದೆ. ಅವಳು ತನ್ನ ತವರಿನ ಕರಿಯ ಕುರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕೂತಿದ್ದಳು. ಆ ಕಂಬಳಿ ಇಲ್ಲದೆ ಅವಳು ಪಕ್ಕದ ಓಣಿಗೂ ಹೋದವಳಲ್ಲ.

ಭವನದ ಎದುರಿಗೆ ನೀರಿನ ಟ್ಯಾಂಕು. ಟ್ಯಾಂಕಿನ ಹೊಟ್ಟೆಗೆ ಮೊರದಗಲದ ಹೆಜ್ಜೇನು ತಟ್ಟಿಗಳು ನೇತುಬಿದ್ದಿದ್ದವು. ಇಳಿದವರಿಗೆಲ್ಲ ಕಾವಲುಗಾರ ಒಂದೇ ಮಾತು ಹೇಳುತ್ತಿದ್ದ. "ಹೊಗಿ ಎಬ್ಬಿಸಬ್ಯಾಡ್ರಿ, ಪಟಾಕಿ ಹೊಡಿಬ್ಯಾಡ್ರಿ. ಎದ್ದುವಂದ್ರ ಯಾರನ್ನೂ ಬಿಡಂಗಿಲ್ಲ." ಬಂದವರೆಲ್ಲ ಒಮ್ಮೆ ಕತ್ತೆತ್ತಿ ನೋಡಿ, ದನಿ ತಗ್ಗಿಸಿ, ಟ್ಯಾಂಕಿನ ಕೆಳಗೆ ತುದಿಗಾಲಲ್ಲಿ ನಡೆದು ಒಳಗೆ ಹೋದರು. ಅಡುಗೆಯವನು ಒಲೆಗಳ ಸುತ್ತ ತಗಡು ಕಟ್ಟಿ ಹೊಗೆಯನ್ನು ಕದ್ದ ಮಾಲಿನಂತೆ ಬಚ್ಚಿಡುತ್ತಿದ್ದ.

ವೇದಿಕೆಯ ಬಳಿ ಮೈಲಾರೇಶ್ ಕೈಕಟ್ಟಿ ನಿಂತಿದ್ದ. "ಎಲ್ಲೈತ್ರೀ ನಿಮ್ ಬ್ಯಾಂಡು? ಈ ಡಬ್ಬೀನಾ? ನಾವೇನೋ ಹಿಂದೆ ಲಾರಿ ಬರ್ತೈತೆ ಅನ್ಕೊಂಡಿದ್ವಿ."

"ನೋಡ್ತಿರ್ರಿ" ಎಂದ ಕ್ರಾಂತಿ. ವಧುವರರು ಬಂದು ಕೂತಿದ್ದರು. ಬಿಳಿಯ ಬಟ್ಟೆಯಲ್ಲಿ ಭೀಮರಾಜ ಮಾವನ ಕಡೆಗೇ ನೋಡುತ್ತಿದ್ದ. ಆ ನೋಟದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಕ್ರಾಂತಿಗೆ ಹೆದರಿಕೆಯಾದದ್ದು ಮೈಲಾರೇಶನ ಕೊಂಕಿಗಲ್ಲ, ಈ ನೋಟಕ್ಕೆ. ಡಬ್ಬಿಯನ್ನು ಶಾಮಿಯಾನದವನ ಸ್ಪೀಕರಿಗೆ ಚುಚ್ಚಿ, ಕಾರ್ಯಕ್ರಮಕ್ಕೆ ಮೊದಲು ಒಮ್ಮೆ ನೋಡಿಬಿಡೋಣವೆಂದು ತಂತಿ ಮೀಟಿದ.

ಝೀಂಯ್ ಎಂದು ಭವನ ತುಂಬಿತು.

ಬಾಗಿಲ ಬಳಿ ಯಾರೋ ಕೂಗಿದರು. "ಎದ್ದಾವ್ರೋ! ಹುಳ ಎದ್ದಾವ!"

ಆಮೇಲೆ ನಡೆದದ್ದನ್ನು ಹಗರಿಬೊಮ್ಮನಹಳ್ಳಿಯಲ್ಲಿ ಈಗಲೂ ನಾಲ್ಕಾರು ಬಗೆಯಾಗಿ ಹೇಳುತ್ತಾರೆ. ಹೆಂಗಸರು ಸೆರಗು ಹೊದ್ದು ಬೋರಲು ಬಿದ್ದರು. ಗಂಡಸರು ಕುರ್ಚಿಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡರು. ಮೈಲಾರೇಶ್ ಊಟದ ಮೇಜಿನ ಕೆಳಗೆ ಹೊಕ್ಕು ಅದರ ಬಟ್ಟೆಯನ್ನೂ ಎಳೆದುಕೊಂಡ. ಹೊಗೆಗೇ ಎದ್ದವೆಂದು ಅಡುಗೆಯವನು ಅನ್ನದ ಒಲೆ, ಸಾರಿನ ಒಲೆ, ಪಾಯಸದ ಒಲೆಗೆಲ್ಲ ಸಾಲಾಗಿ ನೀರು ಸುರಿದ. ಭೀಮರಾಜ ತನ್ನ ಬಿಳಿ ಶಾಲನ್ನು ಯಶೋಧಾಳ ತಲೆಯ ಮೇಲೆ ಹರವಿ ಅವಳಿಗೆ ಅಡ್ಡಲಾಗಿ ನಿಂತ. ಮದುವೆ ನಿಜವಾಗಿ ಆದದ್ದು ಆ ಗಳಿಗೆಯಲ್ಲೇ, ಪ್ರತಿಜ್ಞೆ ಆಮೇಲಿನ ಮಾತು ಎಂದು ಹಿರಿಯರು ಕೆಲವರು ಇಂದಿಗೂ ವಾದಿಸುತ್ತಾರೆ. ಎದುರಿನ ಟ್ಯಾಂಕಿನಲ್ಲಿ ಹೆಜ್ಜೇನುಗಳು ಮಾತ್ರ ತಮ್ಮ ಪಾಡಿಗೆ ತಾವು ಕೆಲಸದಲ್ಲಿದ್ದವು.

ತನ್ನ ಸದ್ದಿಗೇ ಹುಳ ಎದ್ದವೆಂದು ಕ್ರಾಂತಿಯೂ ನಂಬಿದ್ದ. ಕೊರಳಲ್ಲಿ ಗಿಟಾರು, ಓಡಲು ವೈರು ಅಡ್ಡ. ಗಿಟಾರು ಸ್ಪೀಕರಿನ ಎದುರಿಗೇ ಇದ್ದದ್ದರಿಂದ ಅದರ ಸದ್ದಿಗೇ ತಂತಿಗಳು ಮತ್ತೆ ಅದುರಿ, ಕೈ ತೆಗೆದರೂ ಸದ್ದು ನಿಲ್ಲುತ್ತಿರಲಿಲ್ಲ.

ಆಗ ಎದ್ದುಬಂದವಳು ಅಂಜಿನಕ್ಕ. ಕುರಿಹಟ್ಟಿಯಲ್ಲಿ ಬೆಳೆದವಳು, ಹೆಜ್ಜೇನಿಗೆಲ್ಲ ಅಂಜುವವಳಲ್ಲ. ಕಂಬಳಿ ಹಿಡಿದು ನಿಂತು ಸದ್ದು ಎಲ್ಲಿಂದ ಬರುತ್ತಿದೆಯೆಂದು ಕಿವಿಗೊಟ್ಟಳು.

"ಹುಳ ಈ ಪೆಟಗಿ ಒಳಗ ಹೊಕ್ಕಾವ!" ಎಂದು ಕೂಗಿದಳು. "ಹೊರಗ ಬಿಡಬ್ಯಾಡ್ರಿ!" ಎರಡೇ ಜಿಗಿತಕ್ಕೆ ವೇದಿಕೆಯೇರಿ, ಕಂಬಳಿಯನ್ನು ಮಡಿಕೆ ಸಮೇತ ಸ್ಪೀಕರಿನ ಮುಖಕ್ಕೆ ಹೊದಿಸಿ, ಎರಡೂ ಕೈಯಿಂದ ಅದನ್ನು ತಬ್ಬಿ ಕೂತಳು.

"ಬಂದ್ ಮಾಡಲೇ ಕ್ರಾಂತಿ, ಅದೇನೈತಿ ಬಂದ್ ಮಾಡು!" ಎಂದು ಕುರ್ಚಿಯ ಕೆಳಗಿನಿಂದ ಎರ್ರೆಪ್ಪ ಅರಚಿದ. ಕ್ರಾಂತಿ ಒಂದು ಕೈಯಿಂದ ಯಾವುದೋ ಗುಂಡಿ ಹಿಡಿದು ತಿರುಗಿಸಿದ. ಅದು ಗೇನ್. ಹತ್ತರಿಂದ ಇಳಿದದ್ದು ಮೂರಕ್ಕೆ ಬಂದು ನಿಂತಿತು. ಗಾಬರಿಯಲ್ಲಿ ಇನ್ನೊಂದು ಕೈ ತಂತಿಗೆ ತಗುಲಿತು.

ಕಂಬಳಿಯೊಳಗಿಂದ ಬೇರೆಯೇ ಒಂದು ದನಿ ಬಂತು.

ತುಂಬಿದ ದನಿ, ಅಂಚಿನಲ್ಲಿ ತುಸು ಒಡೆದದ್ದು. ಬಹಳ ಹಾಡಿ ಹಾಡಿ ಪಳಗಿದ ಹೆಣ್ಣಿನ ಗಂಟಲಿನಂತಿತ್ತು. ಚುಚ್ಚುವುದನ್ನೆಲ್ಲ ಕಂಬಳಿ ನುಂಗಿ, ಬೆಚ್ಚಗಿನದನ್ನಷ್ಟೇ ಹೊರಗೆ ಬಿಟ್ಟಿತ್ತು. ಕ್ರಾಂತಿ ಓಡುವುದನ್ನು ಮರೆತ. ಇನ್ನೊಂದು ಸ್ವರ ನುಡಿಸಿದ. ಮತ್ತೊಂದು. ಅಲ್ಲಿಂದ ಅವನ ಬೆರಳುಗಳು ತಾವಾಗಿಯೇ ಅವ್ವನ ಹಾಡಿಗೆ ಹೋದವು.

ಮೂಲೆಯಲ್ಲಿ ಬೋರಲು ಬಿದ್ದಿದ್ದ ಮಾಳಮ್ಮ ಸೆರಗು ಸರಿಸಿ ತಲೆ ಎತ್ತಿದಳು. "ಇದು ನನ್ನ ಹಾಡು!" ಎಂದಳು. ನೆಲದ ಮೇಲೆ ಕೂತಂತೆಯೇ ಎತ್ತಿಕೊಂಡಳು. ಎರಡನೆಯ ಸಾಲಿಗೆ ಕೂಡ್ಲಿಗಿಯ ಹೆಂಗಸರು ಕೂಡಿದರು, ಮೂರನೆಯದಕ್ಕೆ ಹರಪನಹಳ್ಳಿಯವರೂ ಗುನುಗಿದರು. ಕುರ್ಚಿಗಳು ಒಂದೊಂದಾಗಿ ತಲೆಯಿಂದಿಳಿದವು. ಹೋಲ್ಡಾನ್ ಎನ್ನಲು ಬಾಯಿ ತೆರೆದಿದ್ದ ಪಕ್ಕೀರಪ್ಪ ಹಾಗೇ ಬಾಯಿ ಮುಚ್ಚಿದ. ಶಾಲಿನೊಳಗಿಂದ ಯಶೋಧಾ ನಗುತ್ತ ಹೊರಬಂದಳು. ಕ್ರಾಂತಿಗೆ ಕಣ್ಣು ತುಂಬಿ ತಂತಿಗಳು ಕಾಣದಾದವು. ಯಾರಿಗೆ ಕೈಮುಗಿಯಬೇಕೆಂದು ಗೊತ್ತಾಗದೆ, ಅವನು ಕಂಬಳಿಯ ಕಡೆ ತಲೆಬಾಗಿ ನುಡಿಸುತ್ತ ಹೋದ.

ಒಲೆಗಳಿಗೆ ನೀರು ಬಿದ್ದಿತ್ತಲ್ಲ, ಅನ್ನ ಮತ್ತೆ ಬೇಯುವತನಕ ಜನರನ್ನು ಹಿಡಿದಿಡಬೇಕಿತ್ತು. ವಂದನೆ, ಪ್ರತಿಜ್ಞೆ, ಹಾರ ಎಲ್ಲ ಮುಗಿದ ಮೇಲೂ ಅದೇ ಹಾಡನ್ನು ಮತ್ತೆ ಮತ್ತೆ ನುಡಿಸಿದ. ಪ್ರತಿ ಸಲವೂ ಮಾಳಮ್ಮನಿಗೆ ಮರೆತಿದ್ದ ಒಂದೊಂದು ನುಡಿ ನೆನಪಾಯಿತು. ಹುಳ ಹೊರಬಂದಾವೆಂದು ಅಂಜಿನಕ್ಕ ಊಟಕ್ಕೆ ಎಲೆ ಹಾಕುವವರೆಗೂ ಸ್ಪೀಕರ್ ಬಿಟ್ಟು ಏಳಲಿಲ್ಲ. ಮದುವೆಯ ಪ್ರತಿ ಫೋಟೋದಲ್ಲೂ ವಧುವರರ ಹಿಂದೆ ಅವಳಿದ್ದಾಳೆ, ಕಂಬಳಿ ತಬ್ಬಿಕೊಂಡು. ಮೈಲಾರೇಶ್ ಕೈ ಒರೆಸಿಕೊಳ್ಳುತ್ತ ಬಂದು, "ಬ್ಯಾಂಡಿನೋರು ಬಂದಿದ್ರೆ ಇಷ್ಟು ಆಗ್ತಿರಲಿಲ್ಲ ಬಿಡ್ರಿ" ಎಂದ. ಯಾವುದು ಇಷ್ಟು ಆಗುತ್ತಿರಲಿಲ್ಲ ಎಂದು ಕ್ರಾಂತಿ ಕೇಳಲಿಲ್ಲ.

ಮರಳುವಾಗ ಕೊಟ್ಟೂರಿನಲ್ಲಿ ಚಹಾಕ್ಕೆಂದು ಟೆಂಪೋ ನಿಂತಿತು. ಮಿರ್ಚಿ, ಮಂಡಕ್ಕಿ ಬಂದವು. ಸಂಘಮಿತ್ರಾ ಮೊಬೈಲು ತೆಗೆದು, ಗಂಡ ಅರ್ಧಕ್ಕೆ ಬಿಟ್ಟಿದ್ದ ವಿಡಿಯೋದ ಉಳಿದರ್ಧವನ್ನು ಎಲ್ಲರಿಗೂ ಕೇಳುವಂತೆ ಹಚ್ಚಿದಳು.

"ಗಿಟಾರಿನ ಆಂಪ್ಲಿಫೈಯರ್ ಇದ್ದವರು ಮಾತ್ರ ಕ್ಯಾಬ್ ಆಫ್ ಮಾಡಿ" ಎನ್ನುತ್ತಿದ್ದ ವಿಡಿಯೋದವನು. "ಸಭೆ ಸಮಾರಂಭದ ಸ್ಪೀಕರಿಗೆ ನೇರವಾಗಿ ಕೊಡುವವರು ಆನ್ ಇಡಲೇಬೇಕು. ಗಿಟಾರಿನ ಸ್ಪೀಕರ್ ಪೆಟ್ಟಿಗೆ ಚೂಪು ದನಿಯನ್ನೆಲ್ಲ ತಾನೇ ತಡೆಯುತ್ತದೆ, ಕ್ಯಾಬ್ ಅಂದರೆ ಅದರದೇ ನಕಲು. ಗೇನ್ ನಿಮಗೆ ಬೇಕೆನಿಸಿದ್ದರ ಅರ್ಧಕ್ಕಿಂತ ಕಡಿಮೆ ಇಡಿ. ಇಲ್ಲದಿದ್ದರೆ ಜೇನುಹುಳ ಎದ್ದಂತೆ ಕೇಳುತ್ತದೆ."

ಟೆಂಪೋದಲ್ಲಿ ಮಿರ್ಚಿ ಕಚ್ಚುವ ಸದ್ದೂ ನಿಂತಿತು.

"ಅಂದ್ರ ಹುಳ ಇರಲೇ ಇಲ್ಲೇನು?" ಎಂದಳು ಅಂಜಿನಕ್ಕ, ಕಂಬಳಿಯನ್ನು ಒಮ್ಮೆ ಕೊಡವಿ ನೋಡಿ.

ಎರ್ರೆಪ್ಪ ಚಹಾದ ಲೋಟ ಕೆಳಗಿಟ್ಟ. ಅವನ ಮುಖದ ಮೇಲೆ ಲೆಕ್ಕವೊಂದು ನಿಧಾನವಾಗಿ ಕೂಡುತ್ತಿತ್ತು. "ಕ್ರಾಂತಿ, ಅವತ್ತು ನಮ್ಮ ಮೋಟ್ರು..."

"ಮೋಟ್ರಲ್ಲಣ್ಣ" ಎಂದ ಕ್ರಾಂತಿ, ಕಾಲ ಬಳಿಯ ಡಬ್ಬಿ ನೋಡುತ್ತ. "ನಾನಾ ಅದು. ಹೇಳಬೇಕಂತ ಬಂದೆ, ಅರ್ಧ ಪೈಪು ಮ್ಯಾಲೆ ಬಂದಿತ್ತು."

ಇಡೀ ಬೀದಿ ಸರಪಳಿ ಎಳೆದದ್ದು, ಕುಂಕುಮ, ಕಾಯಿ ಎಲ್ಲವೂ ಟೆಂಪೋದಲ್ಲಿದ್ದವರ ಕಣ್ಣ ಮುಂದೆ ಹಾದುಹೋಯಿತು. ಸಂಘಮಿತ್ರಾ ಗಂಡನ ತೋಳು ಹಿಡಿದುಕೊಂಡಳು. ಎರ್ರೆಪ್ಪ ಒಂದು ಮಿರ್ಚಿಯನ್ನು ಪೂರ್ತಿ ತಿಂದು ಮುಗಿಸಿ ಮಾತಾಡಿದ.

"ಲೇ ಹುಚ್ಚ, ನೀ ಅವತ್ತು ಹಂಗ ಕಿರಚಿಸದೆ ಇದ್ದಿದ್ರ ನಾ ಮೋಟ್ರು ಎತ್ತಸ್ತಿದ್ನೇನು? ಜಾಯಿಂಟು ಬತ್ತಲಾಗಿದ್ದು ಯಾರಿಗೆ ಕಾಣ್ತಿತ್ತು? ಸುಟ್ಟು ಬೂದಿ ಆಗ್ತಿತ್ತು. ನಿನಗ ಕೈ ಮುಗೀಬೇಕು ನಾ." ನಿಜಕ್ಕೂ ಎಣ್ಣೆಗೈಯಲ್ಲೇ ಮುಗಿದ. "ಇನ್ಮ್ಯಾಲೆ ಹೊರಗ ನುಡಸಾಕ ಹೋದಾಗ ಅಂಜಿನಿ ಕಂಬಳಿ ತಗೊಂಡು ಹೋಗು. ಆದ್ರ ವರ್ಷಕ್ಕೊಮ್ಮಿ, ಬ್ಯಾಸಗಿ ಮುಂದ, ನಮ್ಮ ಹಿತ್ಲಾಗ ಬಂದು ಕಂಬಳಿ ಇಲ್ದ ಬಾರಿಸು. ಮೋಟ್ರು ಎತ್ತಿ ನೋಡಾಕ ನನಗ ನೆನಪಾಗ್ಲಿ."

"ಕಂಬಳಿ ಯಾಕ ಕೊಡ್ಲಿ? ನಾನಾ ಹೋಗ್ತೀನಿ" ಎಂದಳು ಅಂಜಿನಕ್ಕ. "ಹಿಡ್ಕಳ್ಳಾಕ ಯಾರರ ಬೇಕಲ್ಲ."

ನಗು ಟೆಂಪೋದಿಂದ ಹೊರಗೆ ಚೆಲ್ಲಿ ಮಿರ್ಚಿ ಅಂಗಡಿಯವನವರೆಗೂ ಹೋಯಿತು. ಕ್ರಾಂತಿ ನಗಲು ಹೋಗಿ ಅತ್ತ. ಇಷ್ಟು ಜನ ತನ್ನನ್ನು ಬೈಯದೆ ಬಿಟ್ಟರಲ್ಲ ಎಂದು ಎದೆ ತುಂಬಿ ಬಂದಿತ್ತು. ಮಾಳಮ್ಮ ತನ್ನ ಸೆರಗಿನಲ್ಲಿ ಮಗನ ಮುಖ ಒರೆಸಿ, ಅದೇ ಉಸಿರಿಗೆ ಹಾಡಿನ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಂಡಳು. ಕ್ರಾಂತಿ ವೈರೂ ಇಲ್ಲದೆ, ಡಬ್ಬಿಯೂ ಇಲ್ಲದೆ, ಬರೀ ಗಿಟಾರನ್ನು ಎತ್ತಿ ಅವಳ ಜೊತೆ ಹಿಡಿದ.

ಬಾಗಿಲ ಬಳಿ ನಿಂತಿದ್ದ ಪಕ್ಕೀರಪ್ಪ ಒಮ್ಮೆ ಮಗನ ಕಡೆ ನೋಡಿ, ಅಂಗೈಯಿಂದ ಟೆಂಪೋದ ತಗಡನ್ನು ಜೋರಾಗಿ ಬಡಿದ.

"ರೈಟ್, ರೈಟ್!"